ದಾಸರು ಬೇಡಿದ ದಾರಿ

ಪ್ರಸಾದ ಕೇಳುವುದನ್ನು ನಮ್ಮ ಕಡೆಯ ದೇವಸ್ಥಾನಗಳಲ್ಲಿ ನೋಡದವರು ಕಡಿಮೆ. ಅರ್ಚಕರು ಒದ್ದೆ ಹೂವಿನ ಎಸಳುಗಳನ್ನು ವಿಗ್ರಹಕ್ಕೆ ಅಂಟಿಸುತ್ತಾರೆ. ಕೇಳಲು ಬಂದವರು ಕೈಮುಗಿದು, ಕಣ್ಣು ಕೀಳದೆ ನಿಂತಿರುತ್ತಾರೆ. ಬಲಗಡೆಯದು ಬಿದ್ದರೆ ಆ ಸಂಬಂಧಕ್ಕೆ ಒಪ್ಪಬಹುದು, ಬಾವಿ ತೋಡಿಸಬಹುದು. ಎಡಗಡೆಯದು ಬಿದ್ದರೆ, ‘ಇನ್ನೊಂದು ಸಲ ಕೇಳಿ ನೋಡಿ ಭಟ್ರೇ’ ಎನ್ನುವವರೂ ಇದ್ದಾರೆ. ದಾರಿ ಕಾಣದ ಸಂಸಾರಸ್ಥರು ದೇವರ ಮುಂದೆ ನಿಂತು ಕೇಳುವುದರಲ್ಲಿ ದೊಡ್ಡ ವಿನಯವಿದೆ. ಅದನ್ನು ನಾನು ಹಳಿಯಲಾರೆ. ಆದರೆ ಎರಡನೇ ಸಲ ಕೇಳುವಾಗ ನಮ್ಮ ನಂಬಿಕೆ ದೇವರ ಮೇಲಿರುತ್ತದೋ, ನಮಗೆ ಬೇಕಾದ ಉತ್ತರದ ಮೇಲೋ? ಕನ್ನಡದಲ್ಲಿ ಈ ಪ್ರಶ್ನೆಯನ್ನು ಆಳಕ್ಕಿಳಿದು ಹಾಡಿಕೊಂಡವರು ಹರಿದಾಸರು.

ದಾಸರಿಗೆ ತಾತ್ತ್ವಿಕ ನೆಲೆ ಒದಗಿಸಿದ್ದು ಮಧ್ವಮತ. ಅದರ ಪ್ರಕಾರ ಹರಿಯೊಬ್ಬನೇ ಸ್ವತಂತ್ರ, ಜೀವರೆಲ್ಲ ಅವನ ಅಧೀನ. ಒಳಗೆ ಕೂತು ಪ್ರೇರಿಸುವವನೂ ಅವನೇ. ಹಾಗಿದ್ದರೆ ದಾರಿ ತೋರು ಎಂದು ಬೇಡುವುದೇಕೆ? ನಡೆಸುವವನು ಹೇಗೂ ನಡೆಸುತ್ತಾನಲ್ಲ? ಪಂಡಿತರು ಇದಕ್ಕೆ ಗ್ರಂಥಗಳಲ್ಲಿ ಉತ್ತರ ಹುಡುಕಿದರು. ವ್ಯಾಸರಾಯರ ಸುತ್ತ ಬೆಳೆದ ಹದಿನಾರನೆಯ ಶತಮಾನದ ದಾಸರು ಅದನ್ನು ಬೀದಿಯ ಭಾಷೆಗೆ ತಂದು, ಬೇಡಿಕೆಯ ಸ್ವರೂಪವನ್ನೇ ಬದಲಿಸಿದರು. ಇದಾಗಲಿ, ಅದಾಗಲಿ ಎಂಬ ಕೋರಿಕೆ ಅವರ ಪದಗಳಲ್ಲಿ ಹಿಂದೆ ಸರಿಯುತ್ತದೆ. ಹೆಚ್ಚಾಗಿ ಅವರು ಬೇಡುವುದು ತಮ್ಮ ಮನಸ್ಸು ನೆಟ್ಟಗಾಗಲಿ ಎಂದು.

ಮನಸ್ಸಿಗೆ ಕಳವಳಪಡಬೇಡ ಎಂದು ಹೇಳುವ ಕನಕದಾಸರ ಕೀರ್ತನೆ ಎಲ್ಲರಿಗೂ ಗೊತ್ತು. ಬೆಟ್ಟದ ತುದಿಯ ಮರಕ್ಕೆ ನೀರು, ಕಲ್ಲೊಳಗಿನ ಕಪ್ಪೆಗೆ ಆಹಾರ ಒದಗಿಸುವವನು ನಿನ್ನನ್ನು ಬಿಟ್ಟಾನೆಯೇ ಎಂಬುದು ಅದರ ಭಾವ. ಸಭೆ ಸಮಾರಂಭಗಳಲ್ಲಿ ಇದನ್ನು ನಿಶ್ಚಿಂತೆಯ ಹಾಡು ಎಂದು ಹಾಡಿ ಮುಗಿಸುತ್ತೇವೆ. ನನಗೆ ಹಾಗೆನಿಸಿಲ್ಲ. ಕನಕರು ಇಲ್ಲಿ ಮಾತಾಡುತ್ತಿರುವುದು ದೇವರೊಡನೆ ಅಲ್ಲ, ತಮ್ಮ ಮನಸ್ಸಿನೊಡನೆ. ಅಂಜಿದ ಮನಸ್ಸಿಗಲ್ಲದೆ ಇನ್ಯಾರಿಗೆ ಸಮಾಧಾನ ಹೇಳಬೇಕು? ಸಂಶಯ ಅಲ್ಲೇ, ಹಾಡಿನೊಳಗೇ ಕೂತಿದೆ. ಅದನ್ನು ಹೊರಗೆ ಅಟ್ಟದೆ ಹತ್ತಿರ ಕೂರಿಸಿಕೊಂಡು ಒಂದೊಂದೇ ಸಾಕ್ಷಿ ತೋರಿಸುವ ತಾಳ್ಮೆಯೇ ಕನಕರ ವಿಶ್ವಾಸ. ಬಾಡದ ಈ ದಂಡನಾಯಕ ಉಡುಪಿಯ ಗುಡಿಯ ಹೊರಗೆ ನಿಂತ ಕಥೆಯನ್ನು ನಾಡು ಮರೆತಿಲ್ಲ. ಹಾಗೆ ನಿಲ್ಲಬೇಕಾದವರು ‘ಹರಿಭಕ್ತಿಸಾರ’ದ ನೂರಕ್ಕೂ ಹೆಚ್ಚು ಪದ್ಯಗಳಲ್ಲಿ ಮತ್ತೆ ಮತ್ತೆ, ತಮಗೊಬ್ಬರಿಗಲ್ಲದೆ ಎಲ್ಲರಿಗಾಗಿ ರಕ್ಷಣೆ ಬೇಡುತ್ತಾರೆ.

ಪುರಂದರದಾಸರ ದಾರಿ ಬೇರೆ. ಅವರ ನಿಂದಾಸ್ತುತಿಗಳಲ್ಲಿ ಭಕ್ತ ದೇವರ ಮುಂದೆ ಲೆಕ್ಕದ ಪುಸ್ತಕ ಬಿಚ್ಚುತ್ತಾನೆ. ನಿನ್ನ ಹಂಗು ನನಗೆ ಬೇಡ, ನಿನ್ನ ಹೆಸರಿನ ಬಲವೇ ಸಾಕು. ಗಜೇಂದ್ರ, ದ್ರೌಪದಿ, ಅಜಾಮಿಳ ಎಲ್ಲರನ್ನೂ ಕಾಯ್ದದ್ದು ಹೆಸರೇ ಅಲ್ಲವೇ ಎಂದು ವಾದಕ್ಕೆ ನಿಲ್ಲುತ್ತಾನೆ. ಕೇಳಿಸಿಕೊಳ್ಳುವವನಿದ್ದಾನೆ ಎಂಬ ಭರವಸೆ ಇಲ್ಲದವರು ಹೀಗೆ ಜಗಳ ತೆಗೆಯಲಾರರು. ದೇವರ ಕೃಪೆಯನ್ನೇ ಪ್ರಶ್ನಿಸುವಷ್ಟು ಸಲಿಗೆ ಪುರಂದರರಿಗಿತ್ತು. ಅವನ ಇರವಿನ ಬಗ್ಗೆ ಅನುಮಾನವಿರಲಿಲ್ಲ. ದಾಸಪರಂಪರೆ ನಮಗೆ ಕೊಟ್ಟ ದೊಡ್ಡ ಕೊಡುಗೆ ಈ ಸಲಿಗೆಯೇ ಎನ್ನುತ್ತೇನೆ.

ಸಂಶಯಾತ್ಮನಿಗೆ ಉಳಿವಿಲ್ಲ ಎಂಬ ಗೀತೆಯ ನಾಲ್ಕನೆಯ ಅಧ್ಯಾಯದ ಮಾತನ್ನು ಪ್ರವಚನಕಾರರು ಆಗಾಗ ಎತ್ತುತ್ತಾರೆ. ಅದೇ ಗೀತೆ ಹುಟ್ಟಿದ್ದು ಅರ್ಜುನನ ಕಂಗಾಲಿನಿಂದ. ಎರಡನೆಯ ಅಧ್ಯಾಯದಲ್ಲಿ ಅವನು ಶಿಷ್ಯನಾಗಿ ಶರಣುಹೋಗಿ, ಒಳಿತು ಯಾವುದೆಂದು ನಿಶ್ಚಯಿಸಿ ಹೇಳು ಎನ್ನುತ್ತಾನೆ. ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಎಲ್ಲ ಹೇಳಿ ಮುಗಿಸಿ, ಪೂರ್ತಿ ವಿಮರ್ಶಿಸಿ ನಿನಗೆ ಸರಿ ಕಂಡಂತೆ ಮಾಡು ಎಂದು ಬಿಟ್ಟುಕೊಡುತ್ತಾನೆ. ವಿಶ್ವಾಸದಿಂದ ಕೇಳಿದವನಿಗೂ ಯೋಚನೆಯ ಹೊಣೆ ತಪ್ಪಲಿಲ್ಲ.

ಪರಂಪರೆಯ ದೋಷವನ್ನೂ ಹೇಳಬೇಕು. ಮಾನವಿಯ ಜಗನ್ನಾಥದಾಸರ ಬಗ್ಗೆ ಒಂದು ಐತಿಹ್ಯವಿದೆ. ಅವರಿನ್ನೂ ಶ್ರೀನಿವಾಸಾಚಾರ್ಯರಾಗಿದ್ದಾಗ ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿದರಂತೆ. ನೆಪವೇ ನಿಜವಾಯಿತು. ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷ ಧಾರೆಯೆರೆದು ಅವರನ್ನು ಉಳಿಸಿದರಂತೆ. ಇದನ್ನು ‘ಅನುಮಾನಿಸಿದರೆ ಹೀಗಾಗುತ್ತದೆ’ ಎಂದು ಹೆದರಿಸಲು ಹೇಳುವುದುಂಟು. ಆಚಾರ್ಯರದು ಅನುಮಾನವಾಗಿರಲಿಲ್ಲ, ಕನ್ನಡದಲ್ಲಿ ಹಾಡುವವರ ಬಗೆಗಿನ ಪಾಂಡಿತ್ಯದ ತಾತ್ಸಾರ. ಎರಡನ್ನೂ ಒಂದೇ ಮಾಡಿದ್ದರಿಂದ ಪ್ರಾಮಾಣಿಕ ಸಂದೇಹವೂ ಪಾಪದ ಪಟ್ಟಿಗೆ ಸೇರಿಹೋಯಿತು. ಮುಂದೆ ಅವರೇ ಭಾಮಿನಿ ಷಟ್ಪದಿಯಲ್ಲಿ ಬರೆದ ‘ಹರಿಕಥಾಮೃತಸಾರ’ ಮಹತ್ವದ ಕೃತಿ, ನಿಜ. ಆದರೆ ದೇವತೆಗಳಿಂದ ಜೀವರವರೆಗಿನ ಮೇಲುಕೀಳಿನ ತಾರತಮ್ಯವನ್ನು ಅಷ್ಟು ವಿಸ್ತಾರವಾಗಿ ಹೇಳುವ ಕಡೆ ಪುರಂದರರ ಸಲಿಗೆಗೆ ಜಾಗ ಕಿರಿದಾಗುತ್ತದೆ. ಜೀವಸ್ವಭಾವ ಬದಲಾಗದು ಎಂಬ ಮತದಲ್ಲಿ, ‘ನನ್ನ ಸ್ವಭಾವ ಯಾವುದೋ’ ಎಂದು ಅಂಜುವ ಸಾಮಾನ್ಯನಿಗೆ ಧೈರ್ಯ ಎಲ್ಲಿಂದ ಬರಬೇಕು? ಭಕ್ತಿ ಹುಟ್ಟಿದ್ದೇ ಯೋಗ್ಯತೆಯ ಗುರುತು ಎಂಬ ಸಮಾಧಾನ ಒಳಗಿನವರಿಗೆ ಸಾಕಾದೀತು. ನನಗೆ ಸಾಲದು.

ಇಂದಿನ ಭಜನಾ ಮಂಡಳಿಗಳಲ್ಲಿ ಲಕ್ಷ್ಮಿಯನ್ನು ಕರೆಯುವ ಪದ, ಮಂಗಳದ ಪದಗಳಿಗೆ ಬರವಿಲ್ಲ. ಜಗಳದ ಪದಗಳು ಅಪರೂಪವಾಗುತ್ತಿವೆ. ಮಗನಿಗೆ ಕೆಲಸ ಸಿಗದೆ, ಮನೆಯವರ ಕಾಯಿಲೆ ವಾಸಿಯಾಗದೆ ಬಂದು ಕೂತವರಿಗೆ ಆ ಪದಗಳೇ ಹೆಚ್ಚು ಬೇಕು. ಮಂಡಳಿ ನಡೆಸುವ ತಾಯಂದಿರಲ್ಲಿ, ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ: ಶನಿವಾರದ ಭಜನೆಯಲ್ಲಿ ನಿಂದಾಸ್ತುತಿಗೂ ಒಂದು ಸರದಿ ಇಡಿ, ಮಕ್ಕಳಿಗೂ ಕಲಿಸಿ.