ಕಿಟ್ಟೆಲ್ಲರನ್ನು ಕುರಿತ ನಮ್ಮ ಬರಹಗಳು

ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ಲರ ಭಾವಚಿತ್ರವೂ ಅದರ ಕೆಳಗೆ ಒಂದೂವರೆ ಪುಟದ ಜೀವನಚರಿತ್ರೆಯೂ ಅಚ್ಚಾಗುತ್ತವೆ. 1832ರಲ್ಲಿ ಜರ್ಮನಿಯಲ್ಲಿ ಜನನ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಭಾರತಕ್ಕೆ ಆಗಮನ, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟಿನ ಪ್ರಕಟಣೆ, 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1903ರಲ್ಲಿ ಮರಣ. ಇಷ್ಟರಲ್ಲಿ ತಪ್ಪೇನೂ ಇಲ್ಲ. ಈ ಇಸವಿಗಳ ನಡುವೆ ನಾವು ತುಂಬುವ ವಿಶೇಷಣಗಳ ಬಗ್ಗೆ ಮಾತ್ರ ನನ್ನ ತಕರಾರು. ಕನ್ನಡಕ್ಕಾಗಿಯೇ ಹುಟ್ಟಿ ಬಂದ ಋಷಿ, ಒಬ್ಬಂಟಿಯಾಗಿ ತಪಸ್ಸು ಮಾಡಿ ನಿಘಂಟನ್ನು ಕೊಟ್ಟ ಮಹಾತ್ಮ ಎಂಬ ಧಾಟಿ ಓದಲು ಹಿತವಾಗಿದೆ. ಆದರೆ ಅದರಿಂದ ಮನುಷ್ಯನೂ ಮರೆಯಾಗುತ್ತಾನೆ, ಪುಸ್ತಕವೂ ಮರೆಯಾಗುತ್ತದೆ.

ಕಿಟ್ಟೆಲ್ಲರು ಬಂದದ್ದು ಮತಪ್ರಚಾರಕ್ಕೆ. ಇದನ್ನು ಹೇಳಲು ನಮ್ಮ ಲೇಖಕರು ಏಕೋ ಸಂಕೋಚಪಡುತ್ತಾರೆ. ಸ್ವತಃ ಕಿಟ್ಟೆಲ್ಲರಿಗೆ ಆ ಸಂಕೋಚವಿರಲಿಲ್ಲ. 1862ರಲ್ಲಿ ಅವರು ಪ್ರಕಟಿಸಿದ 'ಕಥಾಮಾಲೆ' ಏಸುವಿನ ಕಥೆಯನ್ನೇ ಕನ್ನಡದ ಛಂದಸ್ಸಿನಲ್ಲಿ ಹೇಳುವ ಪದ್ಯಗ್ರಂಥ. ಹಳ್ಳಿಗಳಲ್ಲಿ ತಿರುಗಿ, ಇಲ್ಲಿಯವರಂತೆ ಬದುಕಿ, ಇಲ್ಲಿಯ ಕಾವ್ಯವನ್ನು ಕಲಿತು ಬೋಧಿಸಬೇಕೆಂಬುದು ತರುಣ ಪಾದ್ರಿಯ ಹಂಬಲ. ಹಿರಿಯರಿಗೆ ಅದು ಹಿಡಿಸಲಿಲ್ಲ. 2006ರಲ್ಲಿ ರೈನ್‌ಹಾರ್ಡ್ ವೆಂಡ್ಟ್ ಅವರು ಸಂಪಾದಿಸಿದ ಗ್ರಂಥವೊಂದು, ಪ್ರಚಾರಕನಾಗಿ ಆರಂಭದ ಸೋಲು, ಸತ್ತ ಮೇಲೆ ಗೆಲುವು ಎಂಬ ಅರ್ಥದ ಮಾತನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. ತನ್ನವರೊಡನೆಯೇ ಹೊಂದಿಕೊಳ್ಳಲಾರದ, ಪತ್ನಿ ಪೌಲೀನಳನ್ನು ಕಳೆದುಕೊಂಡು ಅವಳ ಸಹೋದರಿ ಜೂಲಿಯನ್ನು ಮದುವೆಯಾದ, ಒಪ್ಪಿಕೊಂಡ ಕೆಲಸವನ್ನು ಮುಗಿಸಲು ಮುಪ್ಪಿನವರೆಗೆ ಹೆಣಗಿದ ಈ ಮನುಷ್ಯ ನಮ್ಮ ಋಷಿಗಿಂತ ಎಷ್ಟೋ ಹತ್ತಿರದವನು.

ಇನ್ನು 'ಒಬ್ಬಂಟಿ' ಎಂಬ ಮಾತು. ನಿಘಂಟಿನ ಮುನ್ನುಡಿಯಲ್ಲಿ ಕಿಟ್ಟೆಲ್ಲರು ತಮಗೆ ನೆರವಾದ ದೇಶೀ ಪಂಡಿತರನ್ನು ನೆನೆದಿದ್ದಾರೆ. ಅವರನ್ನು ಬಿಟ್ಟಿರುವವರು ನಾವು. ನೆರೆಯ ತೆಲುಗರನ್ನು ನೋಡಿ. ಸಿ. ಪಿ. ಬ್ರೌನ್ ಬಗ್ಗೆ ಅವರಲ್ಲಿಯೂ ಭಕ್ತಿ ಧಾರಾಳವಾಗಿಯೇ ಇದೆ; ಕಡಪದಲ್ಲಿ ಆತನ ಹೆಸರಿನ ಗ್ರಂಥಾಲಯವಿದೆ. ಆದರೂ ಕಡಪದ ಬಂಗಲೆಯಲ್ಲಿ ಬ್ರೌನ್ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಪಂಡಿತರಲ್ಲಿ ಜೂಲೂರಿ ಅಪ್ಪಯ್ಯನವರಂಥವರ ಹೆಸರು ಓದುಬರಹ ಬಲ್ಲ ತೆಲುಗರಿಗೆ ಗೊತ್ತು. ಕಿಟ್ಟೆಲ್ಲರ ಪಂಡಿತರು ಯಾರೆಂದು ನಮ್ಮ ಸಂಘದ ಸಭೆಯಲ್ಲಿ ಕೇಳಿದರೆ ಎಷ್ಟು ಕೈ ಮೇಲೇಳಬಹುದು?

ಪುಸ್ತಕದ ಮಾತಿಗೆ ಬರೋಣ. ಎಪ್ಪತ್ತು ಸಾವಿರ ಪದ, 1752 ಪುಟ ಎಂದು ನಾವು ತೂಕ ಹೇಳಿ ಮುಗಿಸುತ್ತೇವೆ. ದಿನವೆಲ್ಲ ಕಡತಗಳೊಡನೆ ಬಾಳುವ ನನ್ನಂಥ ಗುಮಾಸ್ತನಿಗೆ ಹಿಡಿಸಿದ್ದು ತೂಕವಲ್ಲ, ದಾಖಲೆಯ ಶಿಸ್ತು. ಸಹಿಯಿಲ್ಲದ ಟಿಪ್ಪಣಿ ನಮ್ಮಲ್ಲಿ ಮುಂದಿನ ಮೇಜಿಗೆ ಹೋಗುವುದಿಲ್ಲ. ಕಿಟ್ಟೆಲ್ಲರ ಪುಟದಲ್ಲಿಯೂ ಹಾಗೆಯೇ. ಪದ ಎಲ್ಲಿ ಸಿಕ್ಕಿತು ಎಂಬುದಕ್ಕೆ ಸಂಕೇತಾಕ್ಷರವಿದೆ: ಇದು ಶಬ್ದಮಣಿದರ್ಪಣದ್ದು, ಇದು ಬಸವಪುರಾಣದ್ದು, ಇದು ಮೈಸೂರಿನ ಆಡುಮಾತು, ಇದು ಧಾರವಾಡದ ಕಡೆಯದು. ಗಾದೆಗಳೂ ಅರ್ಥಕ್ಕೆ ಸಾಕ್ಷಿಯಾಗಿ ಬಂದು ನಿಲ್ಲುತ್ತವೆ. 1872ರಲ್ಲಿ ಕೇಶಿರಾಜನ ವ್ಯಾಕರಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಕೈ ಪಳಗಿದವರಾದ್ದರಿಂದ ಹಳಗನ್ನಡ ಯಾವುದು, ಹೊಸದು ಯಾವುದು ಎಂಬ ವಿವೇಕ ಅವರಿಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಹೈದರಾಬಾದಿನ ತಾಯಂದಿರು ಗಮನಿಸಬೇಕು. ಬೀದಿಯಲ್ಲಿ ಆಡಿ ಬಂದ ಮಗು ಹಾಲಿಗೆ 'ಪಾಲು' ಎಂದರೆ ನಾವು ಗದರುತ್ತೇವೆ. ಕಿಟ್ಟೆಲ್ಲರಲ್ಲಿ ಹುಡುಕಿದರೆ ಹಳಗನ್ನಡದಲ್ಲಿ ಅದು 'ಪಾಲ್' ಎಂದೇ ಇದೆ. ಪಕ್ಕದಲ್ಲಿ ತೆಲುಗಿನ ಪಾಲು, ತಮಿಳು ಮಲೆಯಾಳಗಳ ಪಾಲ್, ತುಳುವಿನ ಪೇರ್. ಪದದ ಮೊದಲಿನ ಪಕಾರವನ್ನು ಹಕಾರ ಮಾಡಿಕೊಂಡವರು ನಾವು. ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ನೆರೆಮನೆಯವರು ಹಳೆಯದನ್ನು ಉಳಿಸಿಕೊಂಡರು. ಮಗುವಿಗೆ 'ಹಾಲು' ಹೇಳಿಕೊಡಲೇಬೇಕು, ಆದರೆ ಗದರುವ ಕಾರಣವಿಲ್ಲ. ಬರೋ ಮತ್ತು ಎಮೆನೊ ತಮ್ಮ ದ್ರಾವಿಡ ವ್ಯುತ್ಪತ್ತಿ ಕೋಶವನ್ನು 1961ರಲ್ಲಿ ಹೊರತಂದಾಗ ಕನ್ನಡದ ಪಾಲಿಗೆ ಈ ನಿಘಂಟನ್ನೇ ಮುಖ್ಯವಾಗಿ ನೆಚ್ಚಿಕೊಂಡರು.

ದೋಷಗಳಿಲ್ಲವೇ? ಇವೆ. ಸಂಸ್ಕೃತಕ್ಕೆ ದ್ರಾವಿಡದಿಂದ ಹೋದ ಪದಗಳೆಂದು ಅವರು ಉದ್ದವಾದ ಪಟ್ಟಿ ಕೊಡುತ್ತಾರೆ. ಅದರಲ್ಲಿ ನೀರ, ಮೀನಗಳಂಥವನ್ನು ಮುಂದಿನ ವಿದ್ವಾಂಸರು ಒಪ್ಪಿದರು, ಎಷ್ಟನ್ನೋ ಒಪ್ಪಲಿಲ್ಲ. ಅರ್ಥವೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲೇ ಅರ್ಥ ಹೇಳುವ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿಯಲು 1995ರವರೆಗೆ ಕಾಯಬೇಕಾಯಿತು. 1968ರಿಂದ 71ರೊಳಗೆ ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದಿಂದ ನಾಲ್ಕು ಸಂಪುಟಗಳಲ್ಲಿ ತಂದ ಆವೃತ್ತಿ ಹಲವು ಕೊರತೆಗಳನ್ನು ತುಂಬಿತು.

ನಮ್ಮ ಮಟ್ಟಿಗೆ ದೊಡ್ಡ ಕೊರತೆ ಬೇರೆ. ಕಿಟ್ಟೆಲ್ಲರು ನೆಲೆಸಿ ಕೆಲಸ ಮಾಡಿದ ಊರುಗಳು ಧಾರವಾಡ, ಮಂಗಳೂರು, ಮಡಿಕೇರಿ. ನಿಜಾಮರ ಸೀಮೆಯ ಕಲಬುರಗಿ, ಬೀದರ್, ರಾಯಚೂರುಗಳು ಅವರ ಸಂಚಾರದ ಹಾದಿಯಲ್ಲಿರಲಿಲ್ಲ. ಇಲ್ಲಿರುವ ನಮ್ಮಲ್ಲಿ ಅನೇಕರ ಮನೆಮಾತು ಆ ಕಡೆಯದು: ಉರ್ದು, ತೆಲುಗು, ಮರಾಠಿಗಳೊಡನೆ ನೂರಾರು ವರ್ಷ ಒಗೆತನ ಮಾಡಿದ ಕನ್ನಡ. ಮೈಸೂರಿನ ಮಾತಿಗೆ ಒಂದು ಗುರುತು, ಧಾರವಾಡದ ಮಾತಿಗೆ ಒಂದು ಗುರುತು ಆ ಪುಟಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬೀದರಿನ ಅಜ್ಜಿಯ ಮಾತಿನ ಪಕ್ಕದಲ್ಲಿ ಬರೆಯಲು ಅಂಥ ಒಂದು ಗುರುತು ನನಗೆ ಅಲ್ಲಿ ಕಾಣಲಿಲ್ಲ.