ಬಾಳಿಕೆ ಯಾವುದಕ್ಕೆ? ಸುರಂಗ, ಕಟ್ಟ ಮತ್ತು ಕನ್ನಡದ ಜಲಬರಹ

ಗ್ರಾಮೀಣ ಮೂಲಸೌಕರ್ಯದ ಬಾಳಿಕೆ ಇವತ್ತಿನ ವಿಷಯ. ಸೀತಾಂಗೋಳಿಯಲ್ಲಿ ಮೂಲಸೌಕರ್ಯ ಅಂದ ಕೂಡಲೇ ನೆನಪಾಗುವುದು ಕಿನ್ಫ್ರಾ ಕೈಗಾರಿಕಾ ಪಾರ್ಕ್, 2012ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಘಟಕ. ನಾನು ನೋಡಹೊರಟಿರುವುದು ಇದೇ ಮುರಕಲ್ಲಿನ ಸೀಮೆಯ ಇನ್ನೆರಡು ನಿರ್ಮಾಣಗಳನ್ನು: ಸುರಂಗ ಮತ್ತು ಕಟ್ಟ. ಮುಖ್ಯವಾಗಿ, ಇವುಗಳ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹವನ್ನು.

ಈ ಬರಹದ ಋಣ ದೊಡ್ಡದು. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿದೂ ಬೇಸಗೆಯಲ್ಲಿ ಬಾವಿ ಬತ್ತುವ ನಾಡು ನಮ್ಮದು. ಇಲ್ಲಿ ನೀರೂ ಸುದ್ದಿಯಾಗಬಲ್ಲದು ಅಂತ ತೋರಿಸಿದವರಲ್ಲಿ ಶ್ರೀ ಪಡ್ರೆಯವರೂ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯೂ ಮುಂಚೂಣಿಯಲ್ಲಿವೆ. ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಆಳು ನಡೆಯುವಷ್ಟೇ ಕೊರೆಯುವ ಸುರಂಗ, ಅದರ ಉದ್ದವನ್ನು ಕೋಲಿನಲ್ಲಿ ಅಳೆಯುವ ಲೆಕ್ಕ ಇವೆಲ್ಲ ಅಚ್ಚಿಗೆ ಬಂದದ್ದು ಇಂಥ ಬರಹದಿಂದ.

ಆದರೆ ನನ್ನದೊಂದು ತಕರಾರಿದೆ. ಸುರಂಗದ ಕತೆ ಹೆಚ್ಚಾಗಿ ಒಬ್ಬ ಮನುಷ್ಯನ ಛಲದ ಕತೆಯಾಗಿಯೇ ಬರುತ್ತದೆ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನೇ ನೋಡಿ. ಹಲವು ಸುರಂಗಗಳು ನೀರು ಕೊಡದೆ ಹೋದರೂ ಬಿಡದೆ ಒಬ್ಬರೇ ಕೊರೆದರು. 2022ರಲ್ಲಿ ಪದ್ಮಶ್ರೀ ಬಂತು. ಗೌರವ ಸಲ್ಲಬೇಕಾದ್ದೇ. ಆದರೆ ಕೂಲಿ ಮಾಡುತ್ತಿದ್ದವರೊಬ್ಬರ ಪಾಲಿಗೆ ಬಂದದ್ದು ನೀರಿಲ್ಲದ ಗುಡ್ಡದ ಜಾಗವೇ ಯಾಕೆ? ಗದ್ದೆ, ತೋಟ, ತೋಡಿನ ಬದಿ ಯಾರ ಕೈಯಲ್ಲಿತ್ತು? ಛಲವನ್ನು ಹೊಗಳುವ ಭರದಲ್ಲಿ ಭೂಮಿಯ ಪ್ರಶ್ನೆ ಜಾರಿಹೋಗುತ್ತದೆ. ಒಬ್ಬರ ಬೆವರಿನಿಂದ ಊರಿನ ಕೊರತೆ ನೀಗೀತು ಅಂತ ಓದುಗರಿಗೆ ಅನ್ನಿಸಿಬಿಟ್ಟರೆ, ಪಂಚಾಯತು ಹಾಯಾಗಿ ಕೂತುಕೊಳ್ಳಬಹುದು, ಅಲ್ವಾ?

ಸುರಂಗವನ್ನು ಇರಾನಿನ ಕನಾತಿಗೆ ಹೋಲಿಸುವ ರೂಢಿಯಲ್ಲೂ ಇದೇ ತೊಡಕಿದೆ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಕನಾತುಗಳ ಹಿಂದೆ ನೀರನ್ನು ಪಾಲು ಹಾಕಿ ಹಂಚುವ ಊರೊಟ್ಟಿನ ಕಟ್ಟುಪಾಡು ಇದೆ. ನಮ್ಮ ಸುರಂಗ ಬಹುಮಟ್ಟಿಗೆ ಒಂದು ಮನೆಯದ್ದು. ಆಕಾರ ನೋಡಿ ಹೋಲಿಸಿದರೆ ಈ ವ್ಯತ್ಯಾಸ ಮರೆಯಾಗುತ್ತದೆ.

ಕಟ್ಟದ ಬಗೆಗಿನ ಬರಹ ಈ ದೃಷ್ಟಿಯಿಂದ ಮೇಲು. ಏತಡ್ಕದಂಥ ಕಡೆ ಮಳೆ ನಿಂತು ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಹಾಕಿ ತೋಡಿಗೆ ಅಡ್ಡ ಕಟ್ಟುತ್ತಾರೆ. ನಿಂತ ನೀರು ಇಂಗಿ ಸುತ್ತಲಿನ ಬಾವಿಗಳ ಮಟ್ಟ ಏರುತ್ತದೆ. ಮುಂದಿನ ಮಳೆಗಾಲಕ್ಕೆ ಕಟ್ಟ ಹೋಗುತ್ತದೆ. ಬೇಸಗೆಗೆ ಮುಂಚೆ ಪುನಃ ಕಟ್ಟಬೇಕು. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದರ ಆಯುಸ್ಸು ಕೆಲವೇ ತಿಂಗಳು. ಆದರೂ ತಲೆಮಾರುಗಳಿಂದ ಇದೆ. ಬಾಳಿಕೆ ಬಂದದ್ದು ಗೋಡೆಯಲ್ಲ, ಯಾವ ದಿನ ಯಾರು ಬರಬೇಕು, ಖರ್ಚು ಯಾರದ್ದು ಅನ್ನುವ ಒಡಂಬಡಿಕೆ. ಹಾಗಾಗಿ ಕಟ್ಟದ ಕತೆಯನ್ನು ಒಬ್ಬ ನಾಯಕನನ್ನಿಟ್ಟು ಬರೆಯಲಾಗದು. ನೆರೆಹೊರೆ ಬಂದೇ ಬರಬೇಕು.

ಕಾಂಕ್ರೀಟಿನ ಕಿಂಡಿ ಅಣೆಕಟ್ಟನ್ನು ಪಕ್ಕಕ್ಕಿಟ್ಟು ನೋಡಿ. ಕಂಬಗಳು ದಶಕಗಟ್ಟಲೆ ನಿಲ್ಲುತ್ತವೆ. ಸರಿಯಾದ ಸಮಯಕ್ಕೆ ಹಲಗೆ ಹಾಕುವವರಿಲ್ಲದಿದ್ದರೆ ನೀರು ಮಾತ್ರ ನಿಲ್ಲುವುದಿಲ್ಲ. ಯೋಜನಾ ವೆಚ್ಚದಲ್ಲಿ ಸಿಮೆಂಟಿಗೆ ಲೆಕ್ಕವಿರುತ್ತದೆ, ವರ್ಷವರ್ಷ ಹಲಗೆ ಹಾಕಿ ತೆಗೆಯುವ ಕೈಗಳಿಗೆ ಇರುವುದು ಅಪರೂಪ.

ಹಾಗಂತ ಕಟ್ಟವನ್ನು ಆರಾಧಿಸಬೇಕು ಅಂತಲ್ಲ. ಅದರ ನೀರಿನಿಂದ ಮೊದಲು ತಂಪಾಗುವುದು ಅಡಿಕೆ ತೋಟ. ಕಲ್ಲು ಹೊತ್ತವರ ಮನೆ ಗುಡ್ಡದ ಮೇಲಿದ್ದರೆ ಅವರ ಕೊಡ ತುಂಬೀತೆಂಬ ಖಾತ್ರಿಯಿಲ್ಲ. ಕೂಲಿ ದುಬಾರಿಯಾಗಿ, ಕೂಡುಕುಟುಂಬ ಒಡೆದು, ತೋಟಕ್ಕೊಂದು ಕೊಳವೆಬಾವಿ ಬಂದ ಮೇಲೆ ಆ ಒಡಂಬಡಿಕೆಯೂ ಸಡಿಲಾಗಿದೆ. ಮೆಚ್ಚುಗೆಯ ಬರಹ ಇದನ್ನು ಕೇಳದೆ ಬಿಟ್ಟರೆ, ಕಟ್ಟ ಯಾಕೆ ನಿಂತುಹೋಗುತ್ತದೆ ಅನ್ನುವುದಕ್ಕೆ 'ಜನರ ಉದಾಸೀನ' ಎಂಬ ಒಂದೇ ಉತ್ತರ ಉಳಿಯುತ್ತದೆ.

ಪುತ್ತಿಗೆ, ಬದಿಯಡ್ಕ, ಎಣ್ಮಕಜೆ ಕಡೆ ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಕಟ್ಟದ ಫೋಟೋ ತೆಗೆಯಿರಿ. ಜೊತೆಗೆ ಕೂಲಿ ಎಷ್ಟು, ಕೊಟ್ಟವರು ಯಾರು, ಯಾರ ಬಾವಿ ಏರಿತು, ಯಾರದ್ದು ಏರಲಿಲ್ಲ, ಕಳೆದ ವರ್ಷ ಕಟ್ಟದಿದ್ದರೆ ಯಾಕೆ ಅಂತಲೂ ಬರೆದುಕೊಳ್ಳಿ. ಈ ವಿವರ ಇಲ್ಲದೆ ಬಾಳಿಕೆಯ ಬಗ್ಗೆ ನಾವು ಮಾಡುವ ಚರ್ಚೆ ಸಿಮೆಂಟಿನ ಗುಣಮಟ್ಟದಲ್ಲೇ ನಿಂತುಬಿಡುತ್ತದೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.