ಹೆಗಲು ನೋವಿಗೆ ನರಚೋದನೆ: ಹೋಲಿಸಿದ್ದು ಯಾವುದರೊಂದಿಗೆ?

“ಅಪ್ಪಗ ಲಕ್ವಾ ಹೊಡದು ಎಂಟ್ ತಿಂಗಳಾತ್ರಿ. ಹೆಗಲಿಗೆ ಕರೆಂಟ್ ಕೊಡಸಿದ್ರ ನೋವು ಹೋಗ್ತದಂತ, ಖರೇ ಏನ್ರಿ ಸರ?” ಕೊಲ್ಹಾರದ ಶಿಕ್ಷಕರೊಬ್ಬರು ಈಚೆಗೆ ಹೀಗೆ ಕೇಳಿದರು. ಚಿಕಿತ್ಸೆಗೆಂದು ತಂದೆಯವರನ್ನು ವಾರಕ್ಕೆ ಮೂರು ಸಲ ವಿಜಯಪುರಕ್ಕೆ ಕರೆದೊಯ್ಯಬೇಕು. ಹಣವೂ ಹೋಗುತ್ತದೆ, ದಿನವೂ ಹೋಗುತ್ತದೆ. ನಾನು ವೈದ್ಯನಲ್ಲ. ಆದರೆ ಒಂದು ಪ್ರಯೋಗವನ್ನು ಓದಿ ತೂಗಿ ನೋಡುವುದು ಭೌತವಿಜ್ಞಾನ ಕಲಿಸುವವನ ಕೆಲಸವೂ ಹೌದು.

ಮೊದಲು ತತ್ತ್ವವನ್ನು ನೋಡೋಣ. ಸ್ಪರ್ಶದ ಸಂಕೇತಗಳು ದಪ್ಪ ನರತಂತುಗಳಲ್ಲಿ ಸೆಕೆಂಡಿಗೆ ಸುಮಾರು 30ರಿಂದ 70 ಮೀಟರ್ ವೇಗದಲ್ಲಿ ಸಾಗುತ್ತವೆ. ಮಂದ ನೋವಿನ ಸಂಕೇತಗಳು ತೆಳು ತಂತುಗಳಲ್ಲಿ ಸುಮಾರು 2 ಮೀಟರಿಗಿಂತ ಕಡಿಮೆ ವೇಗದಲ್ಲಿ ಬರುತ್ತವೆ. ಮೊದಲನೆಯವು ಬೆನ್ನುಹುರಿಯಲ್ಲಿ ಎರಡನೆಯವನ್ನು ತಡೆಯಬಲ್ಲವು ಎಂದು ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಸೂಚಿಸಿದರು. ಪೆಟ್ಟಾದ ಜಾಗವನ್ನು ಉಜ್ಜಿಕೊಂಡರೆ ಹಿತವೆನಿಸುವುದು ಇದರಿಂದಲೇ ಎಂಬುದು ಅವರ ವಾದ. 20 ಮಿಲಿಆಂಪಿಯರ್ ವಿದ್ಯುತ್ತು 100 ಮೈಕ್ರೊಸೆಕೆಂಡು ಹರಿದರೆ ಸಾಗುವ ಆವೇಶ ಕೇವಲ 2 ಮೈಕ್ರೊಕೂಲಂ. ಇಂಥ ಕಿರು ಸ್ಪಂದಗಳಿಗೆ ದಪ್ಪ ತಂತುಗಳೇ ಮೊದಲು ಸ್ಪಂದಿಸುತ್ತವೆ. ಆದ್ದರಿಂದ ಚಿಕಿತ್ಸೆ ಅಸಂಭವವೇನಲ್ಲ. ಆದರೆ ಸಂಭವನೀಯತೆ ಪುರಾವೆಯಲ್ಲ.

ಪುರಾವೆಯಾಗಿ ಹೆಚ್ಚಾಗಿ ಉಲ್ಲೇಖಗೊಳ್ಳುವುದು ಅಮೆರಿಕದಲ್ಲಿ ಜಾನ್ ಚೇ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗ. ಪಾರ್ಶ್ವವಾಯುವಿನ ನಂತರ ಹೆಗಲು ನೋವಿದ್ದ 61 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಹೆಗಲಿನ ಸ್ನಾಯುಗಳಿಗೆ ಸೂಕ್ಷ್ಮ ತಂತಿಗಳನ್ನು ತೂರಿಸಿ ದಿನಕ್ಕೆ 6 ಗಂಟೆಯಂತೆ 6 ವಾರ ಚೋದನೆ ಕೊಟ್ಟರು. ಇನ್ನೊಂದು ಗುಂಪಿಗೆ ತೋಳನ್ನು ಹೊರುವ ಜೋಲಿಪಟ್ಟಿ ಕೊಟ್ಟರು. ಹನ್ನೆರಡು ತಿಂಗಳ ಲೆಕ್ಕದಲ್ಲಿ ಮೊದಲ ಗುಂಪಿನಲ್ಲಿ 63% ಮಂದಿಗೆ, ಎರಡನೆಯದರಲ್ಲಿ 21% ಮಂದಿಗೆ ಗುಣ ಕಂಡಿತು.

ಇದರ ಹಿರಿಮೆಯನ್ನು ಒಪ್ಪಬೇಕು. ನೋವು ತಾನಾಗಿ ಇಳಿಯುವುದಿದ್ದರೆ ಅದು ಎರಡೂ ಗುಂಪುಗಳಲ್ಲಿ ಇಳಿಯುತ್ತಿತ್ತು. ಆದ್ದರಿಂದ ಈ ಅಂತರಕ್ಕೆ ಸಹಜ ಚೇತರಿಕೆ ಕಾರಣವೆನ್ನಲಾಗದು. ಆದರೆ ಕಾರಣ ವಿದ್ಯುತ್ತೇ ಎನ್ನಬಹುದೆ? ತನಗೆ ಸಿಕ್ಕಿದ್ದು ತಂತಿಯೋ ಜೋಲಿಯೋ ಎಂಬುದು ಪ್ರತಿಯೊಬ್ಬ ರೋಗಿಗೂ ಗೊತ್ತಿತ್ತು. ನೋವನ್ನು ಅಳೆಯುವ ಉಪಕರಣವಾದರೋ ರೋಗಿಯ ಮಾತೇ. ನಿರೀಕ್ಷೆ ಆ ಅಳತೆಯೊಳಗೆ ನುಸುಳುತ್ತದೆ. ಮೇಲಾಗಿ ಆ ಚೋದನೆ ಸ್ನಾಯುಗಳನ್ನೂ ಸಂಕೋಚಿಸುತ್ತದೆ. ಗುಣ ಬಂದದ್ದು ನರದಿಂದಲೋ ಸ್ನಾಯುವಿನ ವ್ಯಾಯಾಮದಿಂದಲೋ? ಏಕಕಾಲಕ್ಕೆ ಎರಡು ಚರಗಳನ್ನು ಬದಲಿಸಿದ ಪ್ರಯೋಗಕ್ಕೆ ನಮ್ಮ ಪ್ರಯೋಗಶಾಲೆಯಲ್ಲಿ ಪೂರ್ಣಾಂಕ ಕೊಡುತ್ತೇವೆಯೆ?

ನಕಲಿ ಚಿಕಿತ್ಸೆಯೊಂದಿಗೆ ಹೋಲಿಸುವುದು ಕಷ್ಟ, ನಿಜ, ಅಸಾಧ್ಯವಲ್ಲ. 1990ರಲ್ಲಿ ಡೇಯೊ ಮತ್ತು ಸಂಗಡಿಗರು ದೀರ್ಘಕಾಲದ ಸೊಂಟನೋವಿನ 145 ಮಂದಿಯಲ್ಲಿ, ಚರ್ಮದ ಮೇಲೆ ಪಟ್ಟಿ ಅಂಟಿಸುವ ಚೋದಕವನ್ನು ವಿದ್ಯುತ್ತೇ ಹರಿಯದ ನಕಲಿ ಯಂತ್ರದೊಂದಿಗೆ ಹೋಲಿಸಿದರು. ನಕಲಿ ಪಡೆದವರಲ್ಲೂ 84% ಮಂದಿ ತಮ್ಮ ಯಂತ್ರ ಕೆಲಸ ಮಾಡುತ್ತಿದೆಯೆಂದೇ ನಂಬಿದ್ದರು! ತಿಂಗಳ ಕೊನೆಗೆ ಅಸಲಿಗೂ ನಕಲಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ಮಾಡಿದವರಿಗೆ ಮಾತ್ರ ಪ್ರಯೋಜನವಾಯಿತು. ಬಿಟ್ಟ ಮೇಲೆ ಅದೂ ಕರಗಿತು. ಸೊಂಟದ ಫಲಿತಾಂಶ ಹೆಗಲಿಗೆ ತೀರ್ಪಲ್ಲ. ಆದರೆ ಪರೀಕ್ಷಿಸುವ ದಾರಿಯನ್ನು ಅದು ತೋರಿಸಿದೆ.

ಕೊಲ್ಹಾರದ ಶಿಕ್ಷಕರಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ತಂದೆಯವರಿಗೆ ಕೊಡುವುದು ಪಟ್ಟಿ ಅಂಟಿಸುವ ಯಂತ್ರ. 63% ಎಂಬುದು ತಂತಿ ತೂರಿಸಿದ ಚಿಕಿತ್ಸೆಯ ಅಂಕಿ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ವೈದ್ಯರು ಹೇಳಿದರೆ ಕೊಡಿಸಿ ನೋಡಿ, ಆದರೆ ಅದನ್ನು ನೆಚ್ಚಿ ಅವರು ಕಲಿಸಿದ ವ್ಯಾಯಾಮವನ್ನು ಬಿಡಬೇಡಿ. ತಂದೆಯವರನ್ನು ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗಬೇಡಿ. ಇನ್ನು ತರಗತಿಯಲ್ಲಿ ಯಾರಾದರೂ “ಇಷ್ಟು ಮಂದಿಗೆ ಗುಣವಾಯಿತು” ಎಂದರೆ, “ಯಾವುದಕ್ಕೆ ಹೋಲಿಸಿದಾಗ?” ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿ.